ನೀಲಿ ಕುರ್ಚಿಯಲ್ಲಿ ಜಾರಿ ಕೂತ ಹುಡುಗಿ

ಹುಡುಗಿಗೆ ಬೇಜಾರಾಗಿದೆ. ಅದು ತಿಳಿಯೋಕೆ ಚಿತ್ರಕಲೆ ಓದಿರಬೇಕಾಗಿಲ್ಲ.

ದೊಡ್ಡದೊಂದು ನೀಲಿ ಕುರ್ಚಿ. ಅದರಲ್ಲಿ ಅವಳು ಕೂತಿದ್ದಾಳೆ ಅನ್ನುವುದಕ್ಕಿಂತ ಬಿದ್ದುಕೊಂಡಿದ್ದಾಳೆ ಅಂದರೆ ಸರಿ. ಬೆನ್ನು ಕೆಳಕ್ಕೆ ಜಾರಿದೆ. ಒಂದು ಕೈ ಮಡಚಿಕೊಂಡು ತಲೆಯ ಹಿಂದಕ್ಕೆ ಹೋಗಿದೆ. ಇನ್ನೊಂದು ಕುರ್ಚಿಯ ತೋಳಿನ ಮೇಲೆ ಸುಮ್ನೆ ಬಿದ್ದಿದೆ. ಕಾಲುಗಳು ಅಗಲವಾಗಿ ಮುಂದಕ್ಕೆ ಚಾಚಿವೆ. ಬಿಳಿ ಫ್ರಾಕು, ಸೊಂಟಕ್ಕೆ ಚೌಕುಳಿ ಬಟ್ಟೆಯ ಪಟ್ಟಿ, ತಲೆಗೂ ಅದೇ ಚೌಕುಳಿಯ ಬೋ, ಕಾಲಿಗೆ ಅದಕ್ಕೆ ಹೊಂದುವ ಕಾಲುಚೀಲ, ಕಪ್ಪು ಶೂ. ಯಾರೋ ಮುತುವರ್ಜಿಯಿಂದ ಸಿಂಗಾರ ಮಾಡಿದ್ದಾರೆ. ಸಿಂಗಾರ ಮಾಡಿಸಿಕೊಂಡವಳಿಗೆ ಮಾತ್ರ ಅದರಲ್ಲಿ ಆಸಕ್ತಿ ಇಲ್ಲ.

ಈ ಭಂಗಿ ನಮಗೆ ಹೊಸದೇನಲ್ಲ, ಅಲ್ವಾ? ಮದುವೆ ಮನೆಯಲ್ಲಿ ಮಧ್ಯಾಹ್ನ ಎರಡು ಗಂಟೆ ಹೊತ್ತಿಗೆ ಛತ್ರದ ಸೋಫಾಗಳ ಮೇಲೆ ನೋಡಿ. ಜರಿ ಲಂಗ, ಜಡೆಗೆ ಹೂವು, ಕೈತುಂಬ ಬಳೆ. ಆದರೆ ಮಗು ಸೋಫಾದಿಂದ ಅರ್ಧ ಕೆಳಗೆ ಜಾರಿ, ಚಾವಣಿಯ ಫ್ಯಾನ್ ನೋಡುತ್ತಾ ಬಿದ್ದಿರುತ್ತದೆ. ದೊಡ್ಡವರು ಯಾರಾದರೂ ಆ ಕಡೆ ಬಂದರೆ ಮೊದಲು ಹೇಳುವ ಮಾತು, "ಸರಿಯಾಗಿ ಕೂತ್ಕೋ."

ಈ ಚಿತ್ರ ಬರೆದವಳು ಹಾಗೆ ಹೇಳಲಿಲ್ಲ. ಅಥವಾ ಹೇಳಿ ಹೇಳಿ ಸುಸ್ತಾಗಿ ಬಿಟ್ಟಳೋ ಏನೋ. ಅವಳ ಹೆಸರು ಮೇರಿ ಕಸಾಟ್. ಅಮೆರಿಕದವಳು, ಪ್ಯಾರಿಸ್‌ನಲ್ಲಿ ನೆಲೆಸಿದ್ದವಳು. ಚಿತ್ರದ ಹೆಸರು 'ನೀಲಿ ಆರಾಮ ಕುರ್ಚಿಯಲ್ಲಿ ಪುಟ್ಟ ಹುಡುಗಿ'. ಬರೆದ ವರ್ಷ 1878. ಈಗ ಇದು ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್‌ನಲ್ಲಿದೆ. ಅಲ್ಲಿಗೆ ಹೋಗೋದು ಎಲ್ಲರಿಗೂ ಆಗುವ ಮಾತಲ್ಲ. ಆದರೆ ಗ್ಯಾಲರಿಯವರು ತಮ್ಮ ವೆಬ್‌ಸೈಟಿನಲ್ಲಿ ಚಿತ್ರವನ್ನು ದೊಡ್ಡ ಗಾತ್ರದಲ್ಲಿ ಉಚಿತವಾಗಿ ಇಟ್ಟಿದ್ದಾರೆ. ಮುಂದೆ ಓದುವ ಮೊದಲು ಒಮ್ಮೆ ತೆರೆದಿಟ್ಟುಕೊಳ್ಳಿ. ಬೆರಳಲ್ಲಿ ಹಿಗ್ಗಿಸಿ ನೋಡುವ ಕೆಲಸ ಇದೆ.

ಮೊದಲು ಚಿತ್ರದ ಆಕಾರ. ಎತ್ತರ 89.5 ಸೆಂಟಿಮೀಟರ್, ಅಗಲ 129.8. ಅಂದರೆ ಹತ್ತಿರ ಹತ್ತಿರ ಮೂರು ಅಡಿ ಎತ್ತರ, ನಾಲ್ಕೂಕಾಲು ಅಡಿ ಅಗಲ. ಅಡ್ಡ ಚಿತ್ರ. ಫೋನನ್ನು ಉದ್ದುದ್ದ ಹಿಡಿದರೆ 'ಪೋರ್ಟ್ರೇಟ್', ಅಡ್ಡ ಹಿಡಿದರೆ 'ಲ್ಯಾಂಡ್‌ಸ್ಕೇಪ್' ಅಂತೀವಲ್ಲ, ಆ ಮಾತು ಬಂದಿದ್ದೇ ಚಿತ್ರಕಾರರ ಮನೆಯಿಂದ. ಒಬ್ಬರ ಭಾವಚಿತ್ರ ಅಂದರೆ ಕ್ಯಾನ್ವಾಸನ್ನು ನಿಲ್ಲಿಸಿ ಬರೆಯುವುದು ರೂಢಿ. ಮನುಷ್ಯ ಉದ್ದಕ್ಕೆ ಇರುತ್ತಾನೆ, ಅದಕ್ಕೆ. ಗದ್ದೆ, ನದಿ, ಬೆಟ್ಟ ಆದರೆ ಅಡ್ಡ. ಕಸಾಟ್ ಒಂದು ಮಗುವಿನ ಭಾವಚಿತ್ರಕ್ಕೆ ಗದ್ದೆಗೆ ಬಳಸುವ ಆಕಾರ ತೆಗೆದುಕೊಂಡಳು. ಹಾಗಾಗಿ ಹುಡುಗಿಗೆ ಸಿಕ್ಕಿದ್ದು ಚಿತ್ರದ ಒಂದು ಪಾಲು ಮಾತ್ರ. ಮಿಕ್ಕಿದ್ದೆಲ್ಲ ಕುರ್ಚಿಗಳಿಗೆ.

ಲೆಕ್ಕ ಹಾಕಿದರೆ ನಾಲ್ಕು ನೀಲಿ ಆಸನಗಳಿವೆ. ಬಲಕ್ಕೆ ಹುಡುಗಿಯದು. ಎಡಕ್ಕೆ ಇನ್ನೊಂದು, ಅದರಲ್ಲಿ ಸಣ್ಣ ನಾಯಿಯೊಂದು ಮಲಗಿದೆ. ಹಿಂದೆ ಇನ್ನೆರಡು, ಖಾಲಿ. ಯಾವುದೂ ಸಾಲಾಗಿಲ್ಲ. ಹಬ್ಬದ ದಿನ ನೆಂಟರು ಎದ್ದು ಹೋದ ಮೇಲೆ ಹಜಾರದಲ್ಲಿ ಕುರ್ಚಿಗಳು ಹೇಗೆ ದಿಕ್ಕುದಿಕ್ಕಿಗೆ ಉಳಿಯುತ್ತವೋ ಹಾಗೆ. ಅವುಗಳ ನಡುವೆ ಬೂದು ಬಣ್ಣದ ನೆಲ, ಯಾವ ಆಕಾರ ಎಂದು ಹೇಳಲಾಗದ ಒಂದು ತುಂಡು. ಹಿಂದೆ ಕಿಟಕಿಗಳಿವೆ, ಆದರೆ ಅವುಗಳ ಕೆಳಭಾಗ ಮಾತ್ರ ಕಾಣುತ್ತದೆ. ಹೊರಗೇನಿದೆ ಗೊತ್ತಾಗುವುದಿಲ್ಲ. ಬರೀ ಮಂಕು ಬೆಳಕು.

ಈಗ ಒಂದು ಪ್ರಶ್ನೆ. ಈ ಕೋಣೆಯನ್ನು ನೋಡುತ್ತಿರುವ ಕಣ್ಣು ಎಲ್ಲಿದೆ?

ದೊಡ್ಡವರೊಬ್ಬರು ಬಾಗಿಲಲ್ಲಿ ನಿಂತು ನೋಡಿದ್ದರೆ ಕೋಣೆ ಪೂರ್ತಿ ಕಾಣುತ್ತಿತ್ತು. ಕುರ್ಚಿಗಳು ಸಣ್ಣದಾಗಿ, ಪೂರ್ತಿಯಾಗಿ, ಗೋಡೆ ಚಾವಣಿ ಸಮೇತ. ಇಲ್ಲಿ ಹಾಗಿಲ್ಲ. ಕುರ್ಚಿಗಳು ಮುಖಕ್ಕೇ ಬಂದಂತಿವೆ. ಅಂಚಿನ ಕುರ್ಚಿಗಳನ್ನು ಚೌಕಟ್ಟು ಕತ್ತರಿಸಿದೆ. ಚಾವಣಿ ಕಾಣುವುದೇ ಇಲ್ಲ. ಅಂದರೆ ನೋಡುವ ಕಣ್ಣು ಹತ್ತಿರದಲ್ಲೂ ಇದೆ, ತಗ್ಗಿನಲ್ಲೂ ಇದೆ. ಬರೆಯುವವಳು ತಾನೂ ಅಂಥದೇ ಒಂದು ಕುರ್ಚಿಯಲ್ಲಿ ಕೂತು, ಮಗುವಿನ ಮಟ್ಟಕ್ಕೆ ತಲೆ ತಂದ ಹಾಗೆ. ಗ್ರಿಸೆಲ್ಡಾ ಪೊಲಾಕ್ ಎಂಬ ಕಲಾ ಇತಿಹಾಸಕಾರ್ತಿ ಇದನ್ನು ಎತ್ತಿ ತೋರಿಸಿದ್ದಾರೆ. ಪುಟ್ಟ ಮಗುವಿಗೆ ದೊಡ್ಡವರ ಕೋಣೆ ಹೇಗೆ ಕಾಣುತ್ತದೋ ಇಲ್ಲಿ ಕೋಣೆ ಹಾಗಿದೆ ಎಂಬುದು ಅವರ ಮಾತಿನ ಸಾರ. ನನಗೂ ಈ ಚಿತ್ರದ ಗುಟ್ಟು ಅಲ್ಲೇ ಇದೆ ಅನಿಸುತ್ತದೆ. ಹುಡುಗಿಯ ಮುಖದಲ್ಲಿ ಇರುವುದಕ್ಕಿಂತ ಹೆಚ್ಚು ಬೇಸರ ಆ ಕುರ್ಚಿಗಳ ಗಾತ್ರದಲ್ಲಿದೆ.

ಇದೆಲ್ಲ ಆಗಿನ ಕಾಲಕ್ಕೆ ಎಷ್ಟು ವಿಚಿತ್ರ ಅಂತ ತಿಳಿಯಬೇಕಾದರೆ ಪಕ್ಕದಲ್ಲಿ ಇನ್ನೊಂದು ಚಿತ್ರ ಇಟ್ಟು ನೋಡಬೇಕು. ಅದೃಷ್ಟಕ್ಕೆ ಸರಿಯಾದ ಜೋಡಿಯೇ ಇದೆ. ಅದೇ 1878. ಅದೇ ಪ್ಯಾರಿಸ್. ಅಲ್ಲೂ ಒಂದು ಶ್ರೀಮಂತರ ಕೋಣೆ, ಅಲ್ಲೂ ಚಿಕ್ಕ ಮಕ್ಕಳು, ಅಲ್ಲೂ ನಾಯಿ. ಬರೆದವನು ರೆನ್ವಾ. ಪ್ರಕಾಶಕ ಜಾರ್ಜ್ ಶಾರ್ಪಾಂಟಿಯೆಯ ಹೆಂಡತಿ ಕಪ್ಪು ಗೌನು ತೊಟ್ಟು ಸೋಫಾದ ಮೇಲೆ ಕೂತಿದ್ದಾಳೆ. ಮಗಳು ಜಾರ್ಜೆಟ್ ಭಾರಿ ನ್ಯೂಫೌಂಡ್‌ಲ್ಯಾಂಡ್ ನಾಯಿಯ ಬೆನ್ನ ಮೇಲೆ ಕೂತಿದ್ದಾಳೆ. ಸೋಫಾದ ಮೇಲಿನ ಇನ್ನೊಂದು ಮಗುವೂ ಅಂಥದೇ ಫ್ರಾಕು ತೊಟ್ಟಿದೆ. ಹುಡುಗಿ ಅಂದುಕೊಂಡರೆ ಮೋಸ ಹೋಗುತ್ತೀರಿ, ಅದು ಮೂರು ವರ್ಷದ ಮಗ ಪಾಲ್. ಆಗ ಗಂಡುಮಕ್ಕಳಿಗೂ ಫ್ರಾಕು ಹಾಕುತ್ತಿದ್ದರು. ನಾಯಿ ಕೂಡ ಅಲ್ಲಾಡದೆ ಸಹಕರಿಸಿದೆ. ಚಿತ್ರ ಸುಂದರವಾಗಿದೆ, ಅದರಲ್ಲಿ ಎರಡು ಮಾತಿಲ್ಲ. 1879ರ ಸಲೋನ್‌ನಲ್ಲಿ, ಅಂದರೆ ಸರ್ಕಾರಿ ಮುದ್ರೆ ಇದ್ದ ಆ ದೊಡ್ಡ ವಾರ್ಷಿಕ ಪ್ರದರ್ಶನದಲ್ಲಿ, ಅದು ಗೆದ್ದಿತು. ಈಗ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಮ್‌ನಲ್ಲಿದೆ.

ರೆನ್ವಾನ ಮಕ್ಕಳು ಮನೆತನದ ಮಕ್ಕಳು. ಯಾರ ಮಕ್ಕಳು, ಎಂಥ ಮನೆ, ಎಷ್ಟು ಸುಖ ಎಂದು ಚಿತ್ರ ಹೇಳುತ್ತದೆ. ಕಸಾಟ್‌ಳ ಹುಡುಗಿ ಯಾವ ಮನೆತನವನ್ನೂ ಹೊತ್ತುಕೊಂಡಿಲ್ಲ. ಚಿತ್ರಕಾರ ಡೆಗಾನ ಗೆಳೆಯರ ಮಗು ಎಂದಷ್ಟೇ ಕಸಾಟ್ ಮುಂದೆ ಒಂದು ಪತ್ರದಲ್ಲಿ ಬರೆದಳು. ಆ ಪತ್ರಕ್ಕೆ ಆಮೇಲೆ ಬರೋಣ, ಅದರಲ್ಲೇ ಮಜಾ ಇರುವುದು.

ಮುದ್ದುಮುದ್ದಾದ ಮಕ್ಕಳ ಚಿತ್ರಗಳು ಆಗ ಎಷ್ಟು ಹೆಚ್ಚಾಗಿದ್ದವು ಎಂದರೆ ವಿಮರ್ಶಕರಿಗೇ ವಾಕರಿಕೆ ಬಂದಿತ್ತು. 1881ರಲ್ಲಿ ಹ್ಯೂಸ್ಮನ್ಸ್ ಎಂಬ ಲೇಖಕ ಕಸಾಟ್‌ಳ ಚಿತ್ರಗಳನ್ನು ನೋಡಿ ಹೊಗಳಿದ. ಹೊಗಳುವ ಮೊದಲು, ಇಷ್ಟು ದಿನ ಕಂಡ ಮಕ್ಕಳ ಚಿತ್ರಗಳು ತನಗೆ ಎಂಥ ಹಿಂಸೆ ಕೊಟ್ಟಿದ್ದವು ಎಂದು ಹೊಟ್ಟೆ ತುಂಬ ಬೈದುಕೊಂಡ.

ಕಸಾಟ್ ಹುಟ್ಟಿದ್ದು 1844ರಲ್ಲಿ, ಪೆನ್ಸಿಲ್ವೇನಿಯಾದ ಆಲೆಗೆನಿ ಸಿಟಿಯಲ್ಲಿ. ಅದು ಈಗ ಪಿಟ್ಸ್‌ಬರ್ಗ್ ಒಳಗೇ ಸೇರಿಹೋಗಿದೆ. ಅನುಕೂಲಸ್ಥರ ಮನೆ. ಹುಡುಗಿಯರು ಸ್ವಲ್ಪ ಚಿತ್ರ, ಸ್ವಲ್ಪ ಸಂಗೀತ ಕಲಿತರೆ ಮನೆಗೆ ಶೋಭೆ ಎನ್ನುವ ಕಾಲ. ಅದನ್ನೇ ಕಸುಬು ಮಾಡಿಕೊಳ್ಳುತ್ತೇನೆ ಎಂದರೆ ಮಾತ್ರ ಗಲಾಟೆ. ಅವಳ ಅಪ್ಪನಿಗೂ ಅದು ಇಷ್ಟವಿರಲಿಲ್ಲ. ಆದರೂ ಫಿಲಡೆಲ್ಫಿಯಾದ ಅಕಾಡೆಮಿಯಲ್ಲಿ ಕಲಿತು 1866ರಲ್ಲಿ ಪ್ಯಾರಿಸ್‌ಗೆ ಹೋದಳು. ಅಲ್ಲಿನ ಸರ್ಕಾರಿ ಕಲಾ ಶಾಲೆ ಎಕೋಲ್ ದೆ ಬೋಜಾರ್‌ಗೆ ಹೆಂಗಸರಿಗೆ ಪ್ರವೇಶವೇ ಇರಲಿಲ್ಲ. ಬಾಗಿಲು ತೆರೆದದ್ದು 1897ರಲ್ಲಿ, ಕಸಾಟ್‌ಗೆ ಐವತ್ತು ದಾಟಿದ ಮೇಲೆ! ಹಾಗಾಗಿ ಅದೇ ಶಾಲೆಯ ಮೇಷ್ಟ್ರು ಜೆರೋಮ್ ಹತ್ತಿರ ಖಾಸಗಿಯಾಗಿ ಪಾಠ. ಉಳಿದ ಹೊತ್ತು ಲೂವ್ರ್ ಮ್ಯೂಸಿಯಮ್‌ನಲ್ಲಿ ಹಳೆಯ ಚಿತ್ರಗಳ ನಕಲು. 1868ರಲ್ಲಿ ಸಲೋನ್ ಅವಳದೊಂದು ಚಿತ್ರ ತೆಗೆದುಕೊಂಡಿತು. 1877ರಲ್ಲಿ ಅದೇ ಸಲೋನ್ ಅವಳನ್ನು ವಾಪಸ್ ಕಳಿಸಿತು.

ಆ ವರ್ಷವೇ ಡೆಗಾ ಅವಳ ಸ್ಟುಡಿಯೋಗೆ ಬಂದ. ಸಲೋನ್ ಬಿಟ್ಟು ನಮ್ಮ ಜೊತೆ ಚಿತ್ರ ಇಡು ಎಂದು ಕರೆದ. ಅವನ ಕೆಲಸ ಅವಳಿಗೆ ಮೊದಲೇ ಗೊತ್ತಿತ್ತು. ಅಂಗಡಿಯೊಂದರ ಕಿಟಕಿಯಲ್ಲಿ ಅವನ ಪೇಸ್ಟೆಲ್ ಚಿತ್ರಗಳನ್ನು ಗಾಜಿಗೆ ಮೂಗು ಒತ್ತಿಕೊಂಡು ನೋಡುತ್ತಿದ್ದೆ ಎಂದು ಮುಂದೆ ಗೆಳತಿಗೆ ಬರೆದಳು. ಕರೆದ ತಕ್ಷಣ ಒಪ್ಪಿದಳು. ಆ ಗುಂಪಿನ ಜೊತೆ ಚಿತ್ರ ಪ್ರದರ್ಶಿಸಿದ ಅಮೆರಿಕದವರು ಅವಳೊಬ್ಬಳೇ.

'ಆ ಗುಂಪು' ಅಂದೆನಲ್ಲ, ಅವರೇ ಇಂಪ್ರೆಷನಿಸ್ಟರು. ಈ ಪದ ಕೇಳಿದ ಕೂಡಲೇ ತಾವರೆ ಕೊಳ, ಹುಲ್ಲುಮೆದೆ, ಮಂಜು ಮುಸುಕಿದ ಬಂದರು ಕಣ್ಣಿಗೆ ಬರುತ್ತದೆ. ಹೆಸರು ಬಂದಿದ್ದು ಆ ಬಂದರಿನಿಂದಲೇ. 1874ರಲ್ಲಿ ಛಾಯಾಗ್ರಾಹಕ ನಡಾರ್‌ನ ಹಳೆಯ ಸ್ಟುಡಿಯೋದಲ್ಲಿ ಇವರ ಮೊದಲ ಪ್ರದರ್ಶನ ನಡೆಯಿತು. ಅಲ್ಲಿ ಮೋನೆಯ ಬಂದರಿನ ಚಿತ್ರವೊಂದರ ಹೆಸರಲ್ಲಿ 'ಇಂಪ್ರೆಷನ್' ಎಂಬ ಪದ ಇತ್ತು. ಲೂಯಿ ಲೆರ್ವಾ ಎಂಬ ಪತ್ರಕರ್ತ ಅದನ್ನೇ ಹಿಡಿದು ಗೇಲಿ ಮಾಡಿದ. ಬೈಗುಳವೇ ಹೆಸರಾಯಿತು. 1886ರವರೆಗೆ ಒಟ್ಟು ಎಂಟು ಪ್ರದರ್ಶನ ಮಾಡಿದರು.

ಗೇಲಿ ಯಾಕೆ ಅಂದರೆ, ಚಿತ್ರಗಳು ಮುಗಿದಂತೆ ಕಾಣುತ್ತಿರಲಿಲ್ಲ. ಸಲೋನ್ ಒಪ್ಪುವ ಚಿತ್ರದಲ್ಲಿ ಕುಂಚದ ಗುರುತೇ ಇರಬಾರದು. ಗಾಜಿನಂತೆ ನುಣುಪಾಗಿರಬೇಕು. ರೇಷ್ಮೆ ರೇಷ್ಮೆಯಂತೆ, ಚರ್ಮ ಚರ್ಮದಂತೆ. ಇವರ ಚಿತ್ರದಲ್ಲಿ ಕುಂಚ ಓಡಿದ್ದು ಕಣ್ಣಿಗೆ ರಾಚುತ್ತಿತ್ತು. ಇದನ್ನು ಬಾಯಲ್ಲಿ ವಿವರಿಸುವುದಕ್ಕಿಂತ ಆ ನೀಲಿ ಕುರ್ಚಿಯಲ್ಲೇ ನೋಡುವುದು ಸುಲಭ.

ಫೋನಿನಲ್ಲಿ ಕುರ್ಚಿಯ ಬಟ್ಟೆಯನ್ನು ಹಿಗ್ಗಿಸಿ. ದೂರದಿಂದ ಅದು ಹೂವಿನ ಡಿಸೈನಿನ ಸೋಫಾ ಬಟ್ಟೆ. ಹತ್ತಿರ ಹೋದರೆ ಒಂದು ಹೂವೂ ಇಲ್ಲ. ಕೆಂಪು ಒಂದು ಗೀರು, ಹಸಿರು ಎರಡು, ಕಂದು ಒಂದು ಚುಕ್ಕೆ. ಎಸಳು, ತೊಟ್ಟು, ಎಲೆ ಅಂತ ಯಾವುದನ್ನೂ ಬಿಡಿಸಿಲ್ಲ. ಹೂವನ್ನು ಬರೆಯುವುದು ನಮ್ಮ ಕಣ್ಣು. ಕಸಾಟ್ ಸಾಮಾನು ಒದಗಿಸಿದ್ದಾಳೆ ಅಷ್ಟೆ. ನೀಲಿಯೂ ಒಂದೇ ನೀಲಿಯಲ್ಲ. ಬೆಳಕು ಬಿದ್ದ ಕಡೆ ತಿಳಿ, ಮಡಿಕೆಯಲ್ಲಿ ಗಾಢ. ಬೇರೆ ಬೇರೆ ನೀಲಿಗಳು ಪಕ್ಕಪಕ್ಕದಲ್ಲಿ ಬಿದ್ದಿವೆ, ಒಂದರೊಳಗೊಂದು ಕರಗಿಲ್ಲ.

ಈಗ ಫ್ರಾಕಿಗೆ ಬನ್ನಿ. ಬಿಳಿ ಅಂತ ನಾನು ಮೊದಲೇ ಹೇಳಿಬಿಟ್ಟೆ. ಆದರೆ ಹಿಗ್ಗಿಸಿ ನೋಡಿದರೆ ಶುದ್ಧ ಬಿಳಿ ಸಿಗುವುದು ಕಡಿಮೆ. ಬೂದು ಇದೆ, ಕುರ್ಚಿಯಿಂದ ಹಾರಿ ಬಂದ ನೀಲಿ ಇದೆ. ಮನೆಯಲ್ಲೇ ಪರೀಕ್ಷೆ ಮಾಡಬಹುದು. ಬಿಳಿ ಪಂಚೆಯನ್ನು ಹಸಿರು ಗೋಡೆಯ ಹತ್ತಿರ ಒಣಹಾಕಿ. ನೆರಳಿನ ಕಡೆ ಪಂಚೆ ಹಸಿರಾಗಿರುತ್ತದೆ. ನಮ್ಮ ಮಿದುಳು ಮಾತ್ರ 'ಪಂಚೆ ಬಿಳಿ' ಎಂದು ಹಟ ಹಿಡಿಯುತ್ತದೆ. ಇಂಪ್ರೆಷನಿಸ್ಟರು ಮಿದುಳಿನ ಮಾತು ಬಿಟ್ಟು ಕಣ್ಣಿನ ಮಾತು ಕೇಳಿದರು. ನೆರಳು ಅಂದರೆ ಕಪ್ಪು ಸುರಿಯುವುದು ಎಂಬ ಹಳೆಯ ಪಾಠವನ್ನು ಬದಿಗಿಟ್ಟರು.

ಅದಕ್ಕೆ ಸಾಮಾನು ಕೂಡ ಒದಗಿಬಂದಿತ್ತು ಎನ್ನಬೇಕು. ಹಿಂದೆ ಒಳ್ಳೆಯ ನೀಲಿ ಬಣ್ಣ ಬೇಕಾದರೆ ಲಾಪಿಸ್ ಲಜೂಲಿ ಕಲ್ಲು ಅರೆಯಬೇಕಿತ್ತು. ಬಂಗಾರದಷ್ಟು ಬೆಲೆ. 19ನೇ ಶತಮಾನದಲ್ಲಿ ರಸಾಯನಶಾಸ್ತ್ರಜ್ಞರು ಕೋಬಾಲ್ಟ್ ನೀಲಿ, ಕೃತಕ ಅಲ್ಟ್ರಾಮರೀನ್, ಸೆರೂಲಿಯನ್ ಎಂದು ಒಂದರ ಹಿಂದೆ ಒಂದು ನೀಲಿ ತಂದರು. ಜಾನ್ ಗಾಫ್ ರ‍್ಯಾಂಡ್ ಎಂಬ ಅಮೆರಿಕನ್ ಚಿತ್ರಕಾರ 1841ರಲ್ಲಿ ತಗಡಿನ ಬಣ್ಣದ ಟ್ಯೂಬಿಗೆ ಪೇಟೆಂಟ್ ಪಡೆದ. ನಾವು ಟೂತ್‌ಪೇಸ್ಟ್ ಹಿಂಡುವ ಟ್ಯೂಬಿನ ತಾತ ಅದು. ನಾಲ್ಕು ನೀಲಿ ಕುರ್ಚಿಗಳನ್ನು ಕೈಬಿಚ್ಚಿ ಬರೆಯುವಷ್ಟು ನೀಲಿ ಈಗ ಅಂಗಡಿಯಲ್ಲಿ ಸಿಗುತ್ತಿತ್ತು.

ಎಲ್ಲ ಕಡೆಯೂ ಹೀಗೆ ಗೀರು ಗೀರಾಗಿ ಬರೆದಿದ್ದಾಳೆ ಅಂದುಕೊಳ್ಳಬೇಡಿ. ಮುಖವನ್ನು ಹಿಗ್ಗಿಸಿ. ಅಲ್ಲಿ ಕುಂಚ ನಿಧಾನವಾಗಿದೆ. ಕೆನ್ನೆಯ ಉಬ್ಬು, ಕೆಳಗಿಳಿದ ರೆಪ್ಪೆ, ಮುಚ್ಚಿದ ತುಟಿ ಎಲ್ಲ ಜೋಪಾನವಾಗಿ ಮೂಡಿವೆ. ಗಾಳಿ ಬೆಳಕಿಗೆ ಮುಖವನ್ನೂ ಕರಗಿಸಿಬಿಡುವವನು ಮೋನೆ. ಕಸಾಟ್ ಅಲ್ಲಿಗೆ ಹೋಗುವುದಿಲ್ಲ. ಅವಳಿಗೂ ಡೆಗಾನಿಗೂ ಗೆರೆ ಮುಖ್ಯ, ಮೈಯ ಭಾರ ಮುಖ್ಯ. ಹುಡುಗಿಯ ಭಾರಕ್ಕೆ ಆ ಕುರ್ಚಿ ಹೇಗೆ ಒತ್ತಿದೆ ಎಂಬುದು ಬೆಳಕಿನಷ್ಟೇ ಮುಖ್ಯ. 'ಇಂಪ್ರೆಷನಿಸ್ಟ್' ಎಂಬ ಒಂದೇ ಹಣೆಪಟ್ಟಿಯ ಕೆಳಗೆ ಎಷ್ಟು ಬೇರೆ ಬೇರೆ ಜನ ಇದ್ದರು ಅನ್ನೋದಕ್ಕೆ ಹೇಳಿದೆ.

ಇನ್ನು ಆ ಕತ್ತರಿಸಿದ ಕುರ್ಚಿಗಳು. ಇದನ್ನು ನೋಡಿ ತುಂಬ ಜನ "ಫೋಟೋ ಕ್ಲಿಕ್ಕಿಸಿದ ಹಾಗಿದೆ" ಅನ್ನುತ್ತಾರೆ. ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಆದರೆ ಲೆಕ್ಕ ಕೂಡುವುದಿಲ್ಲ. ಯಾರು ಬೇಕಾದರೂ ಗುಂಡಿ ಒತ್ತಿ ಫೋಟೋ ತೆಗೆಯುವ ಕೊಡ್ಯಾಕ್ ಕ್ಯಾಮೆರಾ ಬಂದಿದ್ದು 1888ರಲ್ಲಿ, ಹತ್ತು ವರ್ಷ ಆಮೇಲೆ. 1878ರ ಸ್ಟುಡಿಯೋದಲ್ಲಿ ಮಗುವಿನ ಫೋಟೋ ಅಂದರೆ ಈ ಭಂಗಿಗೆ ತದ್ವಿರುದ್ಧ. ಅಲ್ಲಾಡಿದರೆ ಮುಖ ಮಸುಕಾಗುತ್ತಿತ್ತು. ಅದಕ್ಕೆ ತಲೆ ಅಲ್ಲಾಡದಂತೆ ಹಿಂದಿನಿಂದ ಕಬ್ಬಿಣದ ಹಿಡಿ ಕೊಡುತ್ತಿದ್ದರು. ನಾವು ಚಿಕ್ಕವರಿದ್ದಾಗಲೂ ಸ್ಟುಡಿಯೋದಲ್ಲಿ ಹೀಗೇ ಒಂದು ಸಣ್ಣ ಶಿಕ್ಷೆ ಇತ್ತು. ಸ್ಟೂಲ್ ಮೇಲೆ ಕೂರಿಸಿ, ಗಲ್ಲ ಹಿಡಿದು ತಿರುಗಿಸಿ, "ಇಲ್ಲಿ ನೋಡು, ಗುಬ್ಬಿ ಬರುತ್ತೆ" ಅನ್ನುತ್ತಿದ್ದರು. ನನ್ನ ಆ ಫೋಟೋದಲ್ಲಿ ಗುಬ್ಬಿಗೆ ಕಾದು ಕಾದು ಮೋಸ ಹೋದ ಮುಖ ಹಾಗೇ ಉಳಿದಿದೆ.

ಹಾಗಾದರೆ ಕತ್ತರಿಸುವ ಧೈರ್ಯ ಎಲ್ಲಿಂದ ಬಂತು? ದೊಡ್ಡ ಪಾಲು ಜಪಾನಿನಿಂದ. 1850ರ ದಶಕದಲ್ಲಿ ಜಪಾನಿನ ಬಂದರುಗಳು ಹೊರಗಿನವರಿಗೆ ತೆರೆದವು. ಮರದ ಅಚ್ಚಿನಿಂದ ಮುದ್ರಿಸಿದ ಅಲ್ಲಿನ ಚಿತ್ರಗಳು ರಾಶಿ ರಾಶಿಯಾಗಿ ಪ್ಯಾರಿಸ್‌ಗೆ ಬಂದವು. ಹೊಕುಸಾಯ್, ಹಿರೋಶಿಗೆ ಇಂಥವರ ಕೆಲಸ. ಅವುಗಳಲ್ಲಿ ಮರದ ಕೊಂಬೆ ಚೌಕಟ್ಟಿಗೆ ಸಿಕ್ಕಿ ತುಂಡಾಗುತ್ತದೆ. ಮುಂದಿನ ವಸ್ತು ಭಾರಿ ದೊಡ್ಡದಾಗಿ ಅರ್ಧ ದಾರಿ ಮುಚ್ಚುತ್ತದೆ. ನೆಲ ನಮ್ಮ ಕಡೆಗೆ ಎತ್ತಿ ಹಿಡಿದ ತಟ್ಟೆಯಂತೆ ಓರೆಯಾಗಿರುತ್ತದೆ. ಡೆಗಾ, ಮೋನೆ, ಕಸಾಟ್ ಎಲ್ಲರೂ ಇವನ್ನು ಕೊಂಡು ಕೂಡಿಟ್ಟುಕೊಂಡರು. ಈ ಚಿತ್ರದ ಬೂದು ನೆಲವನ್ನು ಮತ್ತೊಮ್ಮೆ ನೋಡಿ. ಅದು ಹಿಂದಕ್ಕೆ ಹೋಗುವುದಕ್ಕಿಂತ ಮೇಲಕ್ಕೆ ಹತ್ತುತ್ತಿದೆ.

ಇನ್ನೊಂದು ಮಾತು. ಗಳಿಗೆಯೊಂದರಲ್ಲಿ ಸೆರೆಹಿಡಿದಂತೆ ಕಾಣುವ ಈ ಭಂಗಿ ಗಳಿಗೆಯಲ್ಲಿ ಆದದ್ದಲ್ಲ. ಇಷ್ಟು ದೊಡ್ಡ ತೈಲವರ್ಣ ಕ್ಯಾನ್ವಾಸ್ ಒಂದು ಬೆಳಗ್ಗೆ ಕೂತು ಮುಗಿಸುವ ಕೆಲಸವಲ್ಲ. ಆ 'ಥಟ್' ಅನ್ನುವ ಗುಣವನ್ನು ನಿಧಾನವಾಗಿ, ಅಳಿಸಿ ತಿದ್ದಿ ಕಟ್ಟಿದ್ದು. ಹೇಗೆ ತಿದ್ದಿದರು ಅನ್ನೋದು ಗೊತ್ತಾಗಿದ್ದು ನೂರಕ್ಕೂ ಹೆಚ್ಚು ವರ್ಷದ ನಂತರ. ಅದಕ್ಕೆ ಮೊದಲು ಚಿತ್ರ ತಿರಸ್ಕಾರ ಆದ ಕಥೆ.

1878ರಲ್ಲಿ ಪ್ಯಾರಿಸ್‌ನಲ್ಲಿ ದೊಡ್ಡ ವಿಶ್ವ ಪ್ರದರ್ಶನ ನಡೆಯಿತು. ಪ್ರಷ್ಯಾ ಜೊತೆಗಿನ ಯುದ್ಧದಲ್ಲಿ ಸೋತು ಸುಣ್ಣವಾಗಿದ್ದ ಫ್ರಾನ್ಸ್ ಮತ್ತೆ ಎದ್ದು ನಿಂತಿದೆ ಎಂದು ಲೋಕಕ್ಕೆ ತೋರಿಸುವ ಜಾತ್ರೆ. ಅಮೆರಿಕಕ್ಕೆ ಕೊಡುವುದಕ್ಕೆಂದು ತಯಾರಾಗುತ್ತಿದ್ದ ಸ್ವಾತಂತ್ರ್ಯ ದೇವಿಯ ಪ್ರತಿಮೆಯ ತಲೆಯನ್ನು ಆ ಪ್ರದರ್ಶನದಲ್ಲಿ ಜನರಿಗೆ ನೋಡಲು ಇಟ್ಟಿದ್ದರು. ಬರೀ ತಲೆ! ಕಸಾಟ್ ತನ್ನ ಹುಡುಗಿಯನ್ನು ಅಲ್ಲಿನ ಅಮೆರಿಕನ್ ಕಲಾ ವಿಭಾಗಕ್ಕೆ ಕಳಿಸಿದಳು. ತೀರ್ಪುಗಾರರು ಬೇಡ ಅಂದರು.

ಇದು ನಮಗೆ ಗೊತ್ತಿರುವುದು ಅವಳ ಪತ್ರದಿಂದ. 1903ರಲ್ಲಿ ಚಿತ್ರ ವ್ಯಾಪಾರಿ ಆಂಬ್ರಾಸ್ ವೊಲಾರ್‌ಗೆ ಬರೆದದ್ದು. ಇಪ್ಪತ್ತೈದು ವರ್ಷ ಆಗಿತ್ತು. ಸಿಟ್ಟು ಮಾತ್ರ ಬಿಸಿಬಿಸಿಯಾಗೇ ಇತ್ತು. ಚಿತ್ರ ವಾಪಸ್ ಬಂದಾಗ ತನಗೆ ಕೆಂಡದಂಥ ಕೋಪ ಬಂತು ಎಂದು ಬರೆದಳು. ತೀರ್ಪುಗಾರರು ಮೂರೇ ಜನ, ಅದರಲ್ಲೊಬ್ಬ ಔಷಧಿ ಅಂಗಡಿಯವನು ಎಂದೂ ಸೇರಿಸಿದಳು. ಆ ಔಷಧಿ ಅಂಗಡಿಯವನ ಮಾತು ಓದಿದಾಗಲೆಲ್ಲ ನನಗೆ ನಗು ಬರುತ್ತದೆ. ಕಾಲು ಶತಮಾನ ಕಳೆದರೂ ಮರೆಯದೆ ಇಟ್ಟುಕೊಂಡಿದ್ದಾಳಲ್ಲ!

ಆ ಪತ್ರದಲ್ಲೇ ಇನ್ನೊಂದು ವಿಷಯವೂ ಇದೆ. ಕುರ್ಚಿಯಲ್ಲಿ ಕೂತ ಮಗುವನ್ನು ಬರೆದು ಮುಗಿಸಿದ್ದೆ, ಡೆಗಾ ಅದನ್ನು ಮೆಚ್ಚಿದ, ಹಿನ್ನೆಲೆಗೆ ಸಲಹೆ ಕೊಟ್ಟ, ತಾನೂ ಅದರ ಮೇಲೆ ಸ್ವಲ್ಪ ಕೆಲಸ ಮಾಡಿದ. ಹೀಗೆಂದು ಅವಳೇ ಒಪ್ಪಿಕೊಂಡಳು. ಅವನ ಕೈ ಇದ್ದ ಚಿತ್ರವನ್ನೂ ತಿರಸ್ಕರಿಸಿದರಲ್ಲ ಎಂಬುದೇ ಕೋಪಕ್ಕೆ ಇನ್ನಷ್ಟು ತುಪ್ಪ.

ಈ ನಾಲ್ಕು ಸಾಲು ಚಿತ್ರದ ಹಣೆಬರಹ ಬದಲಿಸಿತು. ಆಮೇಲೆ ಯಾರೇ ಈ ಚಿತ್ರದ ಮುಂದೆ ನಿಂತರೂ ಮೊದಲ ಪ್ರಶ್ನೆ, "ಇದರಲ್ಲಿ ಡೆಗಾ ಬರೆದದ್ದು ಎಷ್ಟು?"

ಉತ್ತರ ಸಿಕ್ಕಿದ್ದು ಗ್ಯಾಲರಿಯ ಸಂರಕ್ಷಣಾ ಕೋಣೆಯಲ್ಲಿ. 2014ರಲ್ಲಿ ವಾಷಿಂಗ್ಟನ್‌ನಲ್ಲಿ ಡೆಗಾ ಮತ್ತು ಕಸಾಟ್ ಇಬ್ಬರ ಕೆಲಸವನ್ನು ಜೊತೆಗಿಟ್ಟು ಒಂದು ಪ್ರದರ್ಶನ ಮಾಡಿದರು. ಅದರ ತಯಾರಿಯಲ್ಲಿ ಈ ಚಿತ್ರವನ್ನು ಶುಚಿ ಮಾಡಿದರು, ಇನ್‌ಫ್ರಾರೆಡ್‌ನಲ್ಲಿ ನೋಡಿದರು. ಇನ್‌ಫ್ರಾರೆಡ್ ಅಂದರೆ ನಮ್ಮ ಕಣ್ಣಿಗೆ ಕಾಣದ ಬೆಳಕು. ಅದು ಮೇಲಿನ ಬಣ್ಣದ ಪದರವನ್ನು ಸ್ವಲ್ಪ ಮಟ್ಟಿಗೆ ದಾಟಿ ಒಳಗೆ ಹೋಗುತ್ತದೆ. ಅಡಿಯಲ್ಲಿ ಮೊದಲು ಎಳೆದು ಆಮೇಲೆ ಮುಚ್ಚಿದ ಗೆರೆಗಳಿದ್ದರೆ ಮಸುಕಾಗಿ ಕಾಣಿಸುತ್ತವೆ. ಸುಣ್ಣ ಹೊಡೆದ ಗೋಡೆಯಲ್ಲಿ ಹಳೆಯ ಚುನಾವಣೆಯ ಅಕ್ಷರ ಇಣುಕುತ್ತದಲ್ಲ, ಹಾಗೆ.

ಕಂಡದ್ದು ಇಷ್ಟು. ಕಸಾಟ್ ಮೊದಲು ಹಿಂದಿನ ಗೋಡೆಯನ್ನು ನೇರವಾಗಿ ಇಟ್ಟಿದ್ದಳು. ನೆಲ ಮುಗಿದು ಗೋಡೆ ಶುರುವಾಗುವ ಕಡೆ ಒಂದು ಅಡ್ಡ ಗೆರೆ, ನಾಟಕದ ಪರದೆಯ ಹಾಗೆ. ಅವಳ ಬೇರೆ ಚಿತ್ರಗಳಲ್ಲೂ ಹಿನ್ನೆಲೆ ಬಹುಪಾಲು ಹೀಗೇ, ನೇರ ಮತ್ತು ಹತ್ತಿರ. ಆಮೇಲೆ ಅದು ಬದಲಾಯಿತು. ಗೋಡೆ ಮುರಿದು ಒಂದು ಮೂಲೆ ಹುಟ್ಟಿತು. ಅಡ್ಡ ಗೆರೆ ಓರೆ ಗೆರೆಯಾಯಿತು. ಓರೆ ಗೆರೆ ಡೆಗಾನ ಕೈಗುಣ. ಅವನ ನರ್ತಕಿಯರ ಅಭ್ಯಾಸದ ಕೋಣೆಗಳನ್ನು ನೋಡಿದವರಿಗೆ ಗೊತ್ತು, ನೆಲ ಯಾವಾಗಲೂ ಮೂಲೆಯಿಂದ ಮೂಲೆಗೆ ಓಡುತ್ತಿರುತ್ತದೆ. ಆ ಹಿನ್ನೆಲೆಯಲ್ಲಿ ಕುಂಚ ಓಡಿದ ರೀತಿಯೂ ಅವನ ಕಡೆಗೇ ಬೆರಳು ಮಾಡಿತು.

ಒಂದು ಗೆರೆ ಓರೆಯಾದರೆ ಏನು ಮಹಾ ಅನಿಸಬಹುದು. ಬೆರಳಿಟ್ಟು ಆ ಮೂಲೆಯನ್ನು ಮುಚ್ಚಿ ನೋಡಿ. ಕೋಣೆ ತಕ್ಷಣ ಚಿಕ್ಕದಾಗುತ್ತದೆ. ಬೆರಳು ತೆಗೆಯಿರಿ, ನೆಲ ಹಿಂದಕ್ಕೆ ಹರಿಯುತ್ತದೆ. ಹುಡುಗಿಯ ಹಿಂದೆ ಅಷ್ಟೊಂದು ಖಾಲಿ ಜಾಗ ಹುಟ್ಟುತ್ತದೆ. ಸಲಹೆ ಒಳ್ಳೆಯದಾಗಿತ್ತು, ಅವಳು ತೆಗೆದುಕೊಂಡಳು. ಒಬ್ಬರ ಸ್ಟುಡಿಯೋಗೆ ಇನ್ನೊಬ್ಬರು ಹೋಗಿ "ಇದನ್ನು ಸ್ವಲ್ಪ ಹೀಗೆ ಮಾಡಿದರೆ?" ಅನ್ನೋದು ಚಿತ್ರಕಾರರಲ್ಲಿ ಮಾಮೂಲು. ನನಗೆ ಕಿರಿಕಿರಿ ಆಗುವುದು ಬೇರೆ ವಿಷಯಕ್ಕೆ. ಗಂಡಸರಿಬ್ಬರ ನಡುವೆ ಹೀಗಾಗಿದ್ದರೆ ಅದು ಅಡಿಟಿಪ್ಪಣಿ ಆಗಿರುತ್ತಿತ್ತು. ಇಲ್ಲಿ ಅದೇ ತಲೆಬರಹ ಆಗಿಬಿಟ್ಟಿತು. ಜಾರಿದ ಬೆನ್ನು, ತಲೆ ಹಿಂದೆ ಹೋದ ಕೈ, ಕಾಲುಚೀಲದ ಚೌಕುಳಿಯನ್ನು ನಾಲ್ಕು ಗೀರಿನಲ್ಲಿ ಮುಗಿಸಿದ ಜಾಣತನ, ಇವೆಲ್ಲ ಅವನು ಬರುವ ಮೊದಲೇ ಅಲ್ಲಿದ್ದವು. ಅದನ್ನು ಕಂಡೇ ಅವನು ಚೆನ್ನಾಗಿದೆ ಅಂದದ್ದು.

ಮರುವರ್ಷ, 1879ರಲ್ಲಿ, ಕಸಾಟ್ ಮೊದಲ ಸಲ ಇಂಪ್ರೆಷನಿಸ್ಟರ ಜೊತೆ ಚಿತ್ರ ಇಟ್ಟಳು. ಅದು ಅವರ ನಾಲ್ಕನೇ ಪ್ರದರ್ಶನ. ಈ ಹುಡುಗಿಯೂ ಅಲ್ಲಿದ್ದಿರಬೇಕು ಎಂದು ಇತಿಹಾಸಕಾರರು ಹೇಳುತ್ತಾರೆ. ಮುಂದೆ ಕಸಾಟ್ ತಾಯಿ–ಮಗುವಿನ ಚಿತ್ರಗಳಿಂದಲೇ ಹೆಸರಾದಳು. 1893ರ 'ಮಗುವಿನ ಸ್ನಾನ'ದಲ್ಲಿ ತಾಯಿ ಮಗುವಿನ ಪಾದ ತೊಳೆಯುತ್ತಾಳೆ, ಅದು ಈಗ ಷಿಕಾಗೊದಲ್ಲಿದೆ. ತಾನು ಮದುವೆಯಾಗಲಿಲ್ಲ, ಮಕ್ಕಳಿರಲಿಲ್ಲ. ಕೆಲವರು ಇದನ್ನು ಹಿಡಿದು, ಇಲ್ಲದ್ದನ್ನು ಚಿತ್ರದಲ್ಲಿ ತೀರಿಸಿಕೊಂಡಳು ಎಂದು ಕರುಣೆ ತೋರಿಸುತ್ತಾರೆ. ಡೆಗಾ ಕೂಡ ಮದುವೆಯಾಗಿರಲಿಲ್ಲ. ಅವನ ಕುದುರೆಗಳಿಗೂ ನರ್ತಕಿಯರಿಗೂ ಯಾರೂ ಇಂಥ ಕಾರಣ ಹುಡುಕುವುದಿಲ್ಲ. ಹೆಂಗಸೊಬ್ಬಳು ಒಬ್ಬಳೇ ಹೋಗಿ ಕೂತು ನೋಡಬಹುದಾದ ಜಾಗಗಳು ಆಗಿನ ಪ್ಯಾರಿಸ್‌ನಲ್ಲಿ ಎಣಿಸುವಷ್ಟೇ ಇದ್ದವು. ಗಂಡಸರಿಗೆ ಕೆಫೆ, ಬಾರು, ರಂಗಮಂದಿರದ ಹಿಂಬಾಗಿಲು. ಅವಳಿಗೆ ಹಜಾರ, ತೋಟ, ಮಕ್ಕಳ ಕೋಣೆ. ಅಲ್ಲೇ ಕೂತು ನೋಡಿದಳು, ಚೆನ್ನಾಗಿ ನೋಡಿದಳು.

ಕೊನೆಗಾಲದಲ್ಲಿ ಕಣ್ಣಿಗೆ ಪೊರೆ ಬಂದು ಕುಂಚ ಬಿಡಬೇಕಾಯಿತು. 1915ರಲ್ಲಿ ನ್ಯೂಯಾರ್ಕ್‌ನಲ್ಲಿ ಹೆಂಗಸರ ಮತದಾನದ ಹಕ್ಕಿಗೆ ಬೆಂಬಲವಾಗಿ ಒಂದು ಚಿತ್ರ ಪ್ರದರ್ಶನ ನಡೆದಾಗ ಅದರಲ್ಲಿ ಅವಳ ಕೆಲಸವೂ ಇತ್ತು. 1926ರಲ್ಲಿ ತೀರಿಕೊಂಡಳು. ನೀಲಿ ಕುರ್ಚಿಯ ಚಿತ್ರ ಕೊನೆಗೆ ಪಾಲ್ ಮೆಲನ್ ದಂಪತಿಯ ಸಂಗ್ರಹದಿಂದ 1983ರಲ್ಲಿ ನ್ಯಾಷನಲ್ ಗ್ಯಾಲರಿಗೆ ಬಂತು.

ಇಷ್ಟೆಲ್ಲ ಹೇಳಿ ನಾಯಿಯನ್ನೇ ಬಿಟ್ಟೆ. ಅದು ಬ್ರಸೆಲ್ಸ್ ಗ್ರಿಫಾನ್ ಜಾತಿಯದು. ಗಿಡ್ಡ ಮೂತಿ, ಕೆದರಿದ ಕೂದಲು. ಕಸಾಟ್‌ಗೆ ಈ ಜಾತಿಯ ನಾಯಿ ಅಂದರೆ ಪ್ರಾಣ, ಬದುಕಿಡೀ ಸಾಕಿದಳು. ಹುಡುಗಿಯ ಕುರ್ಚಿಯಷ್ಟೇ ದೊಡ್ಡ ಕುರ್ಚಿ ಇದಕ್ಕೂ ಸಿಕ್ಕಿದೆ. ರೆನ್ವಾನ ಚಿತ್ರದ ದೊಡ್ಡ ನಾಯಿಯಂತೆ ಇದರ ಮೇಲೆ ಯಾರನ್ನೂ ಕೂರಿಸಿಲ್ಲ. ನೀಲಿ ಬಟ್ಟೆಯ ಮೇಲೆ ಒಂದು ಕಂದುಗಪ್ಪು ಮುದ್ದೆಯಾಗಿ, ಚಿತ್ರ ಮುಗಿಯುವುದಕ್ಕೆ ಕಾಯದೆ, ಆಗಲೇ ನಿದ್ದೆ ಹೋಗಿದೆ.